ಲಾಳಿಕೆ ನಿಂತ ಜಾಗ

ಒಂದು ಕಪ್ಪು ಬಿಳುಪು ಫೋಟೋ. ಎತ್ತರದಿಂದ ಕಂಡ ಒಂದು ಬೀದಿ. ಮಧ್ಯಾಹ್ನದ ಬಿಸಿಲು ಅದರ ಬಲಬದಿಯ ಗೋಡೆಗಳನ್ನು ಆಗಷ್ಟೇ ಸುಣ್ಣ ಬಳಿದಂತೆ ಬೆಳಗಿ, ಎಡಬದಿಯನ್ನು ನೆರಳಿಗೆ ಬಿಟ್ಟುಕೊಟ್ಟಿದೆ. ಬೀದಿಯ ಕೊನೆಯಲ್ಲಿ ಗಡಿಯಾರದ ಗೋಪುರ. ಅದರ ಮೈಗೆ ಕಟ್ಟಿದ ಸಾರುವೆಯ ಬೊಂಬುಗಳನ್ನು ಇನ್ನೂ ಬಿಚ್ಚಿಲ್ಲ. ಹೊಸ ಗಡಿಯಾರದ ಬಿಳಿಯ ಮುಖದ ಮೇಲೆ ಗಂಟೆಯ ಮುಳ್ಳೊಂದೇ ಎರಡಕ್ಕೂ ಮೂರಕ್ಕೂ ನಡುವೆ ಒಂಟಿಯಾಗಿ ನಿಂತಿದೆ. ನಿಮಿಷದ ಮುಳ್ಳು ಇನ್ನೂ ಮೇಲೇರಬೇಕು. ಅದು ಏರುವುದನ್ನು ಕಾಣಲು ನೆರೆದ ಜನ ಕುತ್ತಿಗೆಗಳನ್ನು ಹಿಂದಕ್ಕೆ ಚೆಲ್ಲಿದ್ದಾರೆ. ಅಂಗಡಿಯ ಕಟ್ಟೆಯ ಮೇಲೆ ನಿಂತವರು, ಸೈಕಲ್ಲಿಗೆ ಒರಗಿದವರು, ಹೆಗಲ ಮೇಲಿನ ಕೂಸು ಎಲ್ಲರೂ ಮೇಲೆ ನೋಡುತ್ತಿದ್ದಾರೆ. ಅವರ ನಡುವೆ, ಬಿಸಿಲೂ ನೆರಳೂ ಕೂಡುವ ಗೆರೆಯ ಮೇಲೆಯೇ, ಒಬ್ಬ ಮಾತ್ರ ಮೇಲೆ ನೋಡದೆ ನಡೆದಿದ್ದಾನೆ. ಅವನ ತಲೆಯ ಮೇಲೆ ಅಡ್ಡಲಾಗಿ ಒಂದು ನಿಲುವುಗನ್ನಡಿ. ಅವನ ಮುಖ ಕಾಣದು. ಕನ್ನಡಿಯ ತುಂಬ ಆಕಾಶ, ಆಕಾಶದ ನಡುವೆ ಒಂದೇ ಒಂದು ಮುಗಿಲು. ಯಾರೋ ಅದನ್ನು ಅವನ ತಲೆಗೆ ಹೊರಿಸಿ ಮರೆತು ಹೋಗಿರಬೇಕು ಅನ್ನಿಸುವಂತೆ.

‘ಮುಗಿಲು ಹೊತ್ತವನು’ ಎಂಬುದು ಆ ಫೋಟೋದ ಹೆಸರು. ತೆಗೆದವನು ಅಣ್ಣ. ಅದಕ್ಕೆ ದೊಡ್ಡ ಬಹುಮಾನ ಬಂದಿತ್ತು; ಅದರಿಂದಲೇ ಅವನ ಸ್ಟುಡಿಯೋ ನಿಂತಿತು, ಹೆಸರು ನಿಂತಿತು. ಅಂಚೆ ಕಚೇರಿಯಲ್ಲಿ, ಆಸ್ಪತ್ರೆಯ ಪಡಸಾಲೆಯಲ್ಲಿ, ಎರಡು ಬ್ಯಾಂಕುಗಳಲ್ಲಿ ಅದು ಈಗಲೂ ಗಾಜಿನ ಹಿಂದೆ ತೂಗುತ್ತದೆ. ‘ಎಂಬತ್ತು ಮೆಟ್ಟಿಲು ಹತ್ತಿ, ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಬೆಳಗಿನಿಂದ ಕೂತಿದ್ದೆ,’ ಎಂದು ಅಣ್ಣ ಅದರ ಕಥೆಯನ್ನು ಹೇಳದ ಸಭೆಯಿಲ್ಲ.

ತಮ್ಮನಿಗೆ ಮಾತ್ರ ಆ ಫೋಟೋವನ್ನು ನೆಟ್ಟಗೆ ನೋಡಲು ಆಗುತ್ತಿರಲಿಲ್ಲ. ಅದರಲ್ಲಿ ಗಂಟೆ ಎರಡೂವರೆ. ಅದೇ ದಿನ ಐದು ಗಂಟೆಗೆ, ನಿಮಿಷದ ಮುಳ್ಳು ಏರುತ್ತಿದೆ ಎಂದು ಬೀದಿಯೆಲ್ಲ ಕೂಗಿದಾಗ, ಅವರ ಬಾಡಿಗೆಯ ಮಹಡಿ ಮನೆಯ ಬಾಲ್ಕನಿಗೆ ಅಮ್ಮ ಓಡಿ ಬಂದಳು. ಕಬ್ಬಿಣದ ಕಟಾಂಜನಕ್ಕೆ ಎದೆಯಾನಿಸಿ ಬಗ್ಗಿದಳು. ಕಟಾಂಜನದ ಎಡಭಾಗ ಗೋಡೆಯಿಂದ ಕಳಚಿ ಬಾಗಿಲಿನಂತೆ ತೆರೆದುಕೊಂಡಿತು. ಸೊಂಟ ಮುರಿದು ಹಾಸಿಗೆ ಹಿಡಿದವಳು ಒಂಬತ್ತು ವರ್ಷ ಬದುಕಿದಳು, ಒಂದು ದಿನವೂ ಎದ್ದು ನಿಲ್ಲಲಿಲ್ಲ.

ಆ ಕಟಾಂಜನಕ್ಕೆ ಎರಡು ದಿನದ ಹಿಂದೆ ಬಣ್ಣ ಬಳಿದು ಮತ್ತೆ ಕೂರಿಸಿದವನು ಹತ್ತೊಂಬತ್ತು ವರ್ಷದ ತಮ್ಮ. ಅಮ್ಮ ಬಿದ್ದ ಮೇಲೆ ನೋಡಿದರೆ ಎಡಭಾಗದ ನಾಲ್ಕು ಸ್ಕ್ರೂಗಳ ತೂತುಗಳು ಖಾಲಿಯಿದ್ದವು. ತಾನು ಸ್ಕ್ರೂ ತಿರುಗಿಸಿದ್ದು, ಅಂಗೈಯಲ್ಲಿ ಸ್ಕ್ರೂಡ್ರೈವರಿನ ಹಿಡಿ ಉರಿ ಎಬ್ಬಿಸಿದ್ದು ಎಲ್ಲ ಅವನಿಗೆ ನೆನಪಿತ್ತು. ಆದರೆ ಸ್ಕ್ರೂಗಳೆಲ್ಲಿ? ನೆಲದ ಮೇಲೆ ಇಲ್ಲ, ಬೀದಿಯಲ್ಲಿ ಇಲ್ಲ. ಹಾಕಿದ್ದರೆ ತಾನೇ ಸಿಗುವುದು ಎಂದರು ನೆರೆಹೊರೆಯವರು. ಒಂದು ವರ್ಷದೊಳಗೆ ಅವನೂ ಹಾಗೆಯೇ ನಂಬಿದ. ದೂರದ ಊರಿನ ಕಾಲೇಜಿನಲ್ಲಿ ಸಿಕ್ಕಿದ್ದ ಎಂಜಿನಿಯರಿಂಗ್ ಸೀಟನ್ನು ಬಿಟ್ಟು, ಅಮ್ಮನ ಮಗ್ಗುಲು ಬದಲಿಸುತ್ತ, ಬಟ್ಟೆ ಒಗೆಯುತ್ತ, ಕಟ್ಟಡ ಇಲಾಖೆಯ ನಕ್ಷೆ ಕೋಣೆಯಲ್ಲಿ ಗೆರೆ ಎಳೆಯುವ ಕೆಲಸಕ್ಕೆ ಸೇರಿಕೊಂಡ.

ಅಣ್ಣ ದೊಡ್ಡ ಮನಸ್ಸು ಮಾಡಿದ. ‘ಮರೆವು ಯಾರಿಗಿಲ್ಲ, ಹೋಗ್ಲಿ ಬಿಡು,’ ಎಂದು ಎಲ್ಲರೆದುರು ತಮ್ಮನ ಹೆಗಲ ಮೇಲೆ ಕೈಯಿಟ್ಟ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ ಅಣ್ಣ ಎಂದು ಜನ ಕೊಂಡಾಡಿದರು. ಆ ಕೈಯ ಭಾರ ನಲವತ್ತೊಂದು ವರ್ಷ ಆ ಹೆಗಲಿನಿಂದ ಇಳಿಯಲಿಲ್ಲ.

ಹೀಗೆ ತಮ್ಮ ‘ಗೆರೆ ಮೇಷ್ಟ್ರು’ ಆದದ್ದು. ಕೂದಲೆಳೆ ಸೊಟ್ಟಗಿದ್ದರೂ ನಕ್ಷೆಯನ್ನು ಮುಂದೆ ಕಳಿಸದ ಮನುಷ್ಯ. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತಿದ್ದ. ತಡವಾಗಿ ಮದುವೆಯಾದ ಹೆಂಡತಿ, ‘ಇವರು ನನ್ನನ್ನು ನೋಡೋಕೆ ಬಂದಾಗ ಕೂಡ ನಾನು ಕೂತ ಬೆಂಚನ್ನೇ ನೋಡ್ತಾ ಇದ್ರು,’ ಎಂದು ಇಂದಿಗೂ ನೆಂಟರನ್ನು ನಗಿಸುತ್ತಾಳೆ.

ನಿವೃತ್ತರಾದ ಮೇಲೆ ಮೇಷ್ಟ್ರನ್ನು ಕೆಲಸಕ್ಕೆ ಕರೆದವಳು ಅಣ್ಣನ ಮಗಳು. ಅವಳನ್ನು ಮನೆಯವರೆಲ್ಲ ಮರಿ ಎನ್ನುತ್ತಾರೆ. ಮೂವತ್ತು ದಾಟಿದರೂ ಆ ಹೆಸರು ಅವಳನ್ನು ಬಿಟ್ಟಿಲ್ಲ. ಒಂದು ಹಳೆಯ ಗೋದಾಮಿನ ಮೇಲಂತಸ್ತಿನಲ್ಲಿ ಎರಡು ಕೋಣೆ ಹಿಡಿದು, ಫೋಟೋಗಳಿಂದ ಕಟ್ಟಡಗಳ ಮಾದರಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವ ಕಸುಬು ಅವಳದು.

‘ಚಿಕ್ಕಪ್ಪ, ಸಾಫ್ಟ್‌ವೇರ್ ನಾನು ಕಲಿಸ್ತೀನಿ. ನಿಮ್ಮ ಕಣ್ಣು ನಂಗೆ ಬೇಕು,’ ಎಂದಿದ್ದಳು.

‘ಕನ್ನಡಕ ಬಿಚ್ಚಿದ್ರೆ ನಂಗೆ ನೀನೇ ಕಾಣಲ್ವಲ್ಲೇ ಮರಿ.’

‘ನಾನು ಕಾಣದಿದ್ರೆ ಪರವಾಗಿಲ್ಲ, ಗೋಡೆ ಕಂಡ್ರೆ ಸಾಕು.’

ಕೆಲಸದ ಗುಟ್ಟು ಮೇಷ್ಟ್ರಿಗೆ ಬೇಗನೆ ಹಿಡಿಯಿತು. ಒಂದೇ ಕಿಟಕಿಯ ಮೂಲೆಯನ್ನು ಐದಾರು ಫೋಟೋಗಳಲ್ಲಿ ಹುಡುಕಿ ಅಲ್ಲೆಲ್ಲ ಒಂದೊಂದು ಚುಕ್ಕಿ ಇಡಬೇಕು. ಹಾಗೆ ನೂರಾರು ಮೂಲೆ, ಸಾವಿರಾರು ಚುಕ್ಕಿ. ಆಗ ಯಂತ್ರ ಎರಡು ಸಂಗತಿಗಳನ್ನು ಲೆಕ್ಕ ಹಾಕಿ ಕೊಡುತ್ತದೆ: ಆ ಗೋಡೆಗಳು ಎಲ್ಲಿದ್ದವು, ಮತ್ತು ಪ್ರತಿಯೊಂದು ಫೋಟೋ ತೆಗೆಯುವಾಗ ಕ್ಯಾಮೆರಾ ಎಲ್ಲಿತ್ತು. ಕ್ಯಾಮೆರಾ ಇದ್ದ ಜಾಗದಲ್ಲಿ ಪರದೆಯ ಮೇಲೆ ಹಳದಿ ಬಣ್ಣದ ಒಂದು ಪುಟ್ಟ ಗುರುತು ಮೂಡುತ್ತದೆ, ಬಾಯಿ ಅಗಲ, ಬುಡ ಚೂಪು. ಮೇಷ್ಟ್ರು ಅದನ್ನು ಲಾಳಿಕೆ ಎಂದರು, ಕಚೇರಿಯಲ್ಲಿ ಆ ಹೆಸರೇ ಉಳಿಯಿತು.

ಇಷ್ಟಾದ ಮೇಲೆ ಆ ಕಟ್ಟಡ ಬರಿಯ ಚಿತ್ರವಾಗಿ ಉಳಿಯುವುದಿಲ್ಲ. ಪ್ರತಿ ಗೋಡೆಯೂ ಬೇರೆ, ಪ್ರತಿ ಕಿಟಕಿಯೂ ಬೇರೆ. ಬೇಕೆಂದರೆ ಬಾಗಿಲನ್ನು ಅಗಲಿಸಬಹುದು, ಮಹಡಿಯನ್ನು ಎತ್ತರಿಸಬಹುದು, ತಪ್ಪಾಗಿದ್ದರೆ ತಿದ್ದಬಹುದು. ತಿದ್ದಿದ್ದು ಹಿಡಿಸದಿದ್ದರೆ ಹಿಂದಿನಂತೆಯೇ ಮಾಡಬಹುದು. ಮೇಷ್ಟ್ರಿಗೆ ಈ ಸೌಕರ್ಯದ ಮೇಲೆ ಮಗುವಿನಂಥ ಪ್ರೀತಿ. ಒಮ್ಮೆ ಕಳಚಿಬಿದ್ದದ್ದನ್ನು ಮತ್ತೆ ಕೂರಿಸಲು ಬರುವಂಥ ಲೋಕವೊಂದು ಇದೆಯಲ್ಲ ಎಂಬ ಸಮಾಧಾನ.

ಅವರಿಬ್ಬರ ನಡುವೆ ಒಂದು ಕಟ್ಟುಪಾಡಿತ್ತು. ಕಟ್ಟುವವಳು ಅವಳು, ಒರೆಗೆ ಹಚ್ಚುವವರು ಇವರು. ‘ಪರಿಶೀಲಿಸಿದೆ’ ಎಂಬ ಚೌಕದಲ್ಲಿ ಮೇಷ್ಟ್ರು ಗುರುತು ಹಾಕದ ಹೊರತು ಯಾವ ಮಾದರಿಯೂ ಕಚೇರಿಯ ಹೊಸ್ತಿಲು ದಾಟುವಂತಿಲ್ಲ.

ಆ ವರ್ಷ ಪುರಸಭೆಯಿಂದಲೇ ಒಂದು ಕೆಲಸ ಬಂತು. ರಸ್ತೆ ಅಗಲಿಸುವಾಗ ಪೂರ್ತಿ ನೆಲಸಮವಾದ ಗಡಿಯಾರದ ಬೀದಿಯನ್ನು ಹಳೆಯ ಫೋಟೋಗಳಿಂದ ಮತ್ತೆ ಕಟ್ಟಿಕೊಡಬೇಕು. ಹೊಸ ಸಭಾಂಗಣದಲ್ಲಿ ಭಾನುವಾರ ಅದರ ಪ್ರದರ್ಶನ. ಬಂದವರು ಲಾಳಿಕೆಯನ್ನು ಒತ್ತಿದರೆ, ಆ ಫೋಟೋ ತೆಗೆದವನ ಜಾಗದಲ್ಲಿಯೇ ನಿಂತು ಬೀದಿಯನ್ನು ನೋಡಬಹುದು. ಫೋಟೋಗಳಲ್ಲಿ ಮುಕ್ಕಾಲು ಪಾಲು ಅಣ್ಣನವು. ಆ ದಿನ ಅಣ್ಣನಿಗೆ ಸನ್ಮಾನ.

ಬುಧವಾರ ಬೆಳಿಗ್ಗೆ ಕೊನೆಯ ಪರಿಶೀಲನೆಗೆ ಕೂತ ಮೇಷ್ಟ್ರು, ಫೋಟೋಗಳ ಪಟ್ಟಿಯಲ್ಲಿ ಒಂದರ ಮುಂದಿನ ಗುರುತು ತೆಗೆದಿರುವುದನ್ನು ಕಂಡರು. ಆ ಒಂದೇ ಫೋಟೋವನ್ನು ಮರಿ ಲೆಕ್ಕದಿಂದ ಹೊರಗಿಟ್ಟಿದ್ದಳು. ‘ಮುಗಿಲು ಹೊತ್ತವನು.’

‘ಮರಿ, ಇದನ್ನ್ಯಾಕೆ ಬಿಟ್ಟೆ?’

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ‘ಹೊಂದ್ತಾ ಇಲ್ಲ ಚಿಕ್ಕಪ್ಪ. ಹಳೇ ಲೆನ್ಸು. ಅದೊಂದನ್ನ ಪಕ್ಕಕ್ಕೆ ಬೇರೆಯಾಗೇ ತೂಗುಹಾಕ್ತಾರಂತೆ, ಬಿಟ್ಬಿಡಿ.’

‘ನಿಮ್ಮಪ್ಪನ ಹೆಸರು ನಿಂತಿರೋದೇ ಅದರ ಮೇಲೆ. ಅದನ್ನೇ ಬಿಟ್ರೆ ಜನ ಏನಂದಾರು?’

‘ಚಿಕ್ಕಪ್ಪ, ಸಮಯ ಇಲ್ಲ.’

ಸಮಯ ಇಲ್ಲ ಎಂಬ ಮಾತು ಗೆರೆ ಮೇಷ್ಟ್ರ ಕಿವಿಗೆ ಬಿದ್ದದ್ದು ಅದೇ ಮೊದಲಲ್ಲ, ಅದಕ್ಕೆ ಅವರು ಬೆಲೆ ಕೊಟ್ಟದ್ದೂ ಇಲ್ಲ. ಅವಳು ಪುರಸಭೆಗೆ ಹೋದ ಮೇಲೆ ಆ ಫೋಟೋವನ್ನು ತೆರೆದು ಚುಕ್ಕಿಗಳನ್ನು ನೋಡಿದರು. ಚುಕ್ಕಿಗಳೆಲ್ಲ ಆಗಲೇ ಇದ್ದವು. ಗೋಪುರದ ಅಂಚು, ಬೋರ್ಡು ಬರೆಯುವವನ ಅಂಗಡಿಯ ಮೂಲೆ, ಎದುರು ಮನೆಯ ಮೂರು ಕಿಟಕಿ, ಒಟ್ಟು ನೂರ ನಲವತ್ತು. ಕೂದಲೆಳೆಯ ತಪ್ಪಿಲ್ಲ. ಅವರೇ ಕಲಿಸಿದ ಕೈ ಅದು. ಇಷ್ಟು ನಿಖರವಾಗಿ ಹೊಂದುವುದನ್ನು ಹೊಂದದು ಎಂದಳೇಕೆ? ಅವರು ಗುರುತು ಹಾಕಿ ಮತ್ತೆ ಲೆಕ್ಕಕ್ಕೆ ಬಿಟ್ಟರು.

ಬೀದಿ ಒಮ್ಮೆ ನಡುಗಿ ನಿಂತಿತು. ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಲಾಳಿಕೆ ಇರಲಿಲ್ಲ. ಮೇಷ್ಟ್ರು ನೋಟವನ್ನು ಕೆಳಗಿಳಿಸಿದರು, ತಿರುಗಿಸಿದರು, ಹತ್ತಿರ ತಂದರು. ಅವರ ಹಳೆಯ ಮನೆಯ ಮುಂದೆ, ಮಹಡಿಯ ಬಾಲ್ಕನಿಯಲ್ಲಿ, ಎಡ ತುದಿಯಲ್ಲಿ, ಹಳದಿ ಲಾಳಿಕೆ ಗೋಪುರದ ಕಡೆಗೆ ಬಾಯ್ದೆರೆದು ನಿಂತಿತ್ತು.

ಅಳೆದರು. ಬಾಲ್ಕನಿಯ ನೆಲದಿಂದ ಒಂದು ಗೇಣು ಎತ್ತರ. ಕಟಾಂಜನದ ಗೆರೆಯಿಂದ ಒಂದು ಮೊಳ ಆಚೆ.

ಕಟಾಂಜನ ಸೊಂಟಕ್ಕಿಂತ ಎತ್ತರವಿತ್ತು. ಅದರ ಬಳ್ಳಿ ಹೂವಿನ ಕಬ್ಬಿಣದ ಕೆತ್ತನೆಯ ನಡುವೆ ಬೆರಳು ತೂರೀತೇ ಹೊರತು ಮುಷ್ಟಿ ತೂರದು. ಬಣ್ಣ ಬಳಿಯುವಾಗ ಅದರ ಸಂದುಸಂದಿಗೂ ಕುಂಚ ಹಾಕಿದ್ದವರಿಗೆ ಅದು ಗೊತ್ತು. ಮೇಲಿನಿಂದ ಬಗ್ಗಿ ಹಿಡಿದಿದ್ದರೆ ಕ್ಯಾಮೆರಾ ಅಷ್ಟು ಕೆಳಗೆ ಬರಲಾರದು. ಅಲ್ಲಿಂದ ಆ ಫೋಟೋ ತೆಗೆಯಲು ಇದ್ದದ್ದು ಒಂದೇ ದಾರಿ. ಕಟಾಂಜನದ ಆ ಭಾಗವನ್ನು ಕಳಚಿ ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಬೋರಲು ಮಲಗಿ, ಎರಡು ಮೊಣಕೈಗಳನ್ನೂ ಅಂಚಿನಿಂದ ಆಚೆ ಚಾಚಬೇಕು.

ಎರಡೂವರೆ ಗಂಟೆಗೆ ಕಳಚಿದ್ದು. ಐದು ಗಂಟೆಗೆ ಅಮ್ಮ.

ಕೈ ಅಭ್ಯಾಸದ ದಾರಿ ಹಿಡಿಯಿತು. ಯಂತ್ರ ತಪ್ಪಿರಬಹುದು. ಮೇಷ್ಟ್ರು ಫೋಟೋದ ದೊಡ್ಡ ಪ್ರತಿಯೊಂದನ್ನು ಮೇಜಿನ ಮೇಲೆ ಹರಡಿ, ಗುಂಡುಸೂಜಿ ಚುಚ್ಚಿ, ದಾರ ಕಟ್ಟಿದರು. ಕಟ್ಟಡಗಳ ಅಂಚುಗಳನ್ನು ಹಿಂದಕ್ಕೆ ಎಳೆಯುತ್ತ ಬಂದರೆ ನೋಡಿದ ಕಣ್ಣು ಎಲ್ಲಿತ್ತೆಂದು ಹೇಳಬಹುದು. ನಕ್ಷೆ ಕೋಣೆಯ ಹಳಬರು ಕಲಿಸಿದ ವಿದ್ಯೆ ಅದು. ಊಟ ಮರೆತು, ಕಾಗದದ ಮೇಲೆ ಲೆಕ್ಕ ಬರೆದು, ಅಳಿಸಿ, ಮತ್ತೆ ಬರೆದು, ಮೂರು ಗಂಟೆಯ ಹೊತ್ತಿಗೆ ಮುಗಿಸಿದರು. ಯಂತ್ರ ಹೇಳಿದ ಜಾಗಕ್ಕೂ ದಾರ ಹೇಳಿದ ಜಾಗಕ್ಕೂ ಎರಡು ಬೆರಳಿನಷ್ಟು ವ್ಯತ್ಯಾಸ.

ಮರಿ ಹಿಂತಿರುಗಿದಾಗ ಮೇಜಿನ ಮೇಲೆ ದಾರಗಳ ಬಲೆ ಹಾಗೆಯೇ ಇತ್ತು. ಅವಳು ಅದನ್ನು ನೋಡಿದಳು, ಪರದೆಯನ್ನು ನೋಡಿದಳು, ಚೀಲವನ್ನು ಹೆಗಲಿನಿಂದ ಇಳಿಸಲೇ ಇಲ್ಲ.

‘ಯಾವಾಗ ನೋಡಿದೆ?’ ಎಂದರು ಮೇಷ್ಟ್ರು.

‘ಶನಿವಾರ.’

‘ನೋಡಿ ಅರ್ಥ ಆಯ್ತಾ?’

‘ಚಿಕ್ಕಂದಿನಿಂದ ಆ ಸ್ಕ್ರೂ ಕಥೆ ಕೇಳ್ಕೊಂಡೇ ಬೆಳೆದೋಳಲ್ವಾ ಚಿಕ್ಕಪ್ಪ.’ ಅವಳ ದನಿ ಸಣ್ಣಗಾಯಿತು. ‘ಅವರು ನನ್ನಪ್ಪ. ಏನು ಮಾಡ್ಲಿ?’

‘ಶನಿವಾರದಿಂದ ನಿನ್ನೆಯವರೆಗೂ ದಿನಾ ನನ್ನೆದುರಿಗೇ ಕೂತು ಊಟ ಮಾಡಿದ್ಯಲ್ಲೇ ಮರಿ.’



ಸಂಜೆ ಮನೆಯಲ್ಲಿ ಹೆಂಡತಿ ಬಡಿಸಿ, ಎದುರು ಕೂತಳು.

‘ಏನ್ರೀ, ತಟ್ಟೆಯಲ್ಲೂ ಗೆರೆ ಹುಡುಕ್ತಾ ಇದ್ದೀರಾ? ತಣ್ಣಗಾಗುತ್ತೆ.’

ಅವರು ಹೇಳಿದರು. ಮೊದಲಿನಿಂದ ಕೊನೆಯವರೆಗೆ, ನಕ್ಷೆ ವಿವರಿಸುವಂತೆ, ದನಿ ಏರಿಸದೆ. ಅವಳ ಕೈಯ ಸೌಟು ಪಾತ್ರೆಯ ಅಂಚಿನ ಮೇಲೆ ನಿಂತುಬಿಟ್ಟಿತು.

‘ಅಂದ್ರೆ ನೀವು ಹಾಕಿದ್ರಿ.’

‘ಹಾಕಿದ್ದೆ.’

‘ನಾಲ್ಕೂ?’

‘ನಾಲ್ಕೂ.’ ಈ ಮಾತನ್ನು ಗಟ್ಟಿಯಾಗಿ ಆಡಿ ನಲವತ್ತು ವರ್ಷವಾಗಿತ್ತು. ನಾಲಗೆಗೆ ಅದರ ರುಚಿಯೇ ಮರೆತಿತ್ತು.

‘ಮೊನ್ನೆ ಮೊನ್ನೆ ನಮ್ಮ ಫ್ಯಾನ್ ಕಟ್ಟುವಾಗ ಬಂದು ನಗಾಡಿದ್ರಲ್ಲ ನಿಮ್ಮಣ್ಣ! ‘ನೀನು ಇಳಿಯೋ ಪುಟ್ಟ, ಸ್ಕ್ರೂ ವಿಷಯ ನಿಂಗೆ ಆಗಿಬರಲ್ಲ’ ಅಂತ. ನೀವೂ ಹಲ್ಲು ಕಿರಿದು ಇಳಿದ್ರಿ. ಅವರ ಕೈಗೆ ಸ್ಕ್ರೂಡ್ರೈವರ್ ಕೊಟ್ಟೋಳು ನಾನೇ!’ ಸೌಟು ಠಣ್ಣೆಂದಿತು. ‘ಕೇಳಿಬಿಡಿ.’

‘ಕೇಳಿ ಏನು ಮಾಡ್ಲಿ?’

‘ಕೇಳಿದ ಮೇಲಲ್ವಾ ಏನು ಮಾಡೋದು ಅಂತ ಗೊತ್ತಾಗೋದು? ಇಷ್ಟು ವರ್ಷ ಅಳೆದದ್ದು ಸಾಲದಾ, ಇನ್ನು ಎಷ್ಟು ಅಳೀತೀರಿ?’

ಅವರು ಕೈ ತೊಳೆದು ಬಂದು ಅಣ್ಣನಿಗೆ ಫೋನು ಮಾಡಿದರು. ‘ನಾಳೆ ಒಂದು ಸಲ ಕಚೇರಿಗೆ ಬಾ. ಒಂದು ಫೋಟೋ ವಿಷಯ,’ ಎಂದಷ್ಟೇ ಹೇಳಿದರು.

ಅಣ್ಣ ಹತ್ತೂವರೆಗೆ ಬಂದ. ಅರವತ್ತೇಳರಲ್ಲೂ ನೆಟ್ಟಗಿನ ಬೆನ್ನು, ಇಸ್ತ್ರಿ ಮುರಿಯದ ಅಂಗಿ. ಗೋದಾಮಿನ ಕಡಿದಾದ ಮೆಟ್ಟಿಲೊಂದೇ ಅವನ ಮಂಡಿಗೆ ವೈರಿ. ಮಗಳ ತೋಳು ಹಿಡಿದು ಹತ್ತಿ ಬಂದ. ಅವಳು ಅವನನ್ನು ಒಳಗೆ ಬಿಟ್ಟು ಪಕ್ಕದ ಕೋಣೆಗೆ ಸರಿದಳು.

‘ಏನೋ ಪುಟ್ಟ, ದೊಡ್ಡ ಸಾಹೇಬರ ಹಾಗೆ ಹೇಳಿ ಕಳಿಸ್ತೀಯ! ಭಾನುವಾರಕ್ಕೆ ನಾನು ಯಾವ ಕೋಟು ಹಾಕ್ಬೇಕು ಅಂತ ಅದನ್ನೂ ನೀನೇ ಹೇಳ್ತೀಯೋ ಏನೋ.’

‘ಕೂತ್ಕೋ ಅಣ್ಣ.’

ಅಣ್ಣ ಕೂತು ಪರದೆಯನ್ನು ನೋಡಿ ಮಗುವಿನಂತೆ ಹಿಗ್ಗಿದ. ‘ಅಯ್ಯೋ, ನಮ್ಮ ಬೀದಿ! ಬೋರ್ಡು ಬರೆಯೋನ ಏಣಿ ಕೂಡ ಬಿಟ್ಟಿಲ್ಲ ನೋಡು. ಅಲ್ಲಿ ನಮ್ಮನೆ... ಅದೇನು, ಬಾಲ್ಕನಿ ಮೇಲೆ ಹಳದಿ ಹಕ್ಕಿ?’

‘ಲಾಳಿಕೆ. ಫೋಟೋ ತೆಗೆದಾಗ ಕ್ಯಾಮೆರಾ ಇದ್ದ ಜಾಗ.’

‘ಯಾವ ಫೋಟೋ?’

ಮೇಷ್ಟ್ರು ಲಾಳಿಕೆಯನ್ನು ಒತ್ತಿದರು. ಬೀದಿ ತಿರುಗಿತು, ಕೆಳಗಿಳಿಯಿತು, ಗಡಿಯಾರದ ಒಂಟಿ ಮುಳ್ಳು ತನ್ನ ಜಾಗದಲ್ಲಿ ನಿಂತಿತು, ಕನ್ನಡಿ ಹೊತ್ತವನು ಬಿಸಿಲಿನ ಗೆರೆಯ ಮೇಲೆ ಬಂದ. ಕಟ್ಟಿದ ಬೀದಿಯೂ ತೆಗೆದ ಫೋಟೋವೂ ಒಂದರ ಮೇಲೊಂದು ಕೂತವು. ಎಲ್ಲಿಯೂ ಒಂದು ಗೆರೆ ಹೊರಗೆ ಚಾಚಿರಲಿಲ್ಲ.

ಅಣ್ಣ ಕನ್ನಡಕ ತೆಗೆದು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

‘ಯಂತ್ರಕ್ಕೇನು ಗೊತ್ತು ಪುಟ್ಟ. ನಾನು ಟ್ಯಾಂಕಿನ ಮೇಲಿದ್ದೆ.’

‘ದಾರ ಕಟ್ಟಿನೂ ನೋಡ್ದೆ.’

‘ದಾರ ಕಟ್ಟಿ!’ ಅಣ್ಣ ನಗಲು ಹೋದ.

ಮೇಷ್ಟ್ರು ರಾತ್ರಿಯೆಲ್ಲ ಮಾತುಗಳನ್ನು ಜೋಡಿಸಿಕೊಂಡಿದ್ದರು. ಕೇಳಬೇಕಾದವು ಒಂದು ರಾಶಿಯಿದ್ದವು. ಈಗ ಬಾಯಿಗೆ ಬಂದದ್ದು ಒಂದೇ.

‘ಸ್ಕ್ರೂ ಏನು ಮಾಡ್ದೆ, ಅಣ್ಣ?’

ಪಕ್ಕದ ಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಣ್ಣ ತನ್ನ ಅಂಗೈಗಳನ್ನು ನೋಡಿಕೊಂಡ.

‘ಜೇಬಲ್ಲಿತ್ತು,’ ಎಂದ. ‘ಟ್ಯಾಂಕಿನ ಮೇಲೆ ಹತ್ತೋಣ ಅಂತಲೇ ಹೊರಟಿದ್ದೆ. ಆಗ ಆ ಕನ್ನಡಿಯೋನು ಬೀದಿ ತುದಿಯಲ್ಲಿ ಕಾಣಿಸ್ದ. ಎಂಬತ್ತು ಮೆಟ್ಟಿಲು ಹತ್ತೋವಷ್ಟರಲ್ಲಿ ಅವನು ಹೋಗಿರ್ತಿದ್ದ. ಕಟಾಂಜನ ಅಡ್ಡ ಬರ್ತಿತ್ತು, ಬಿಚ್ದೆ. ಒಂದೇ ಒಂದು ಫೋಟೋ ಸಿಕ್ತು. ಸಿಕ್ಕಿದೆ ಅಂತ ಗೊತ್ತಾಗಿಬಿಟ್ಟಿತ್ತು ಕಣೋ. ರೀಲು ತೊಳೆದು ಐದು ನಿಮಿಷಕ್ಕೆ ಬಂದು ಹಾಕ್ತೀನಿ ಅಂತ, ಬರೀ ಒರಗಿಸಿಟ್ಟು ಕತ್ತಲೆ ಕೋಣೆಗೆ ಹೋದೆ. ಅಲ್ಲಿ ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ. ಹೊರಗೆ ಬಂದಾಗ ಬೀದಿಯಲ್ಲಿ ಕೂಗ್ತಾ ಇದ್ರು. ಗಡಿಯಾರಕ್ಕೆ ಕೂಗ್ತಿದ್ದಾರೆ ಅಂದ್ಕೊಂಡೆ.’

‘ಆಮೇಲೆ?’

‘ಹೊಳೆಗೆ ಎಸೆದೆ.’

ಅಷ್ಟೇ. ನಲವತ್ತೊಂದು ವರ್ಷ ಒಬ್ಬನು ತನ್ನ ನೆನಪಿನೊಳಗೆ ಮೊಣಕಾಲೂರಿ ಹುಡುಕುತ್ತಿದ್ದ ನಾಲ್ಕು ಸ್ಕ್ರೂಗಳು, ಎರಡು ಪದಗಳಲ್ಲಿ ಸಿಕ್ಕಿಬಿಟ್ಟವು.

‘ಹೇಳ್ಬೇಕು ಅಂತಲೇ ಇದ್ದೆ,’ ಎಂದ ಅಣ್ಣ. ‘ಆಗ ಹೆಣ್ಣು ಗೊತ್ತಾಗಿತ್ತು, ಬಹುಮಾನಕ್ಕೆ ಕಳಿಸಿದ್ದೆ. ಆಮೇಲೆ ಹೇಳೋ ಹೊತ್ತಿಗೆ ನೀನೇ ಒಪ್ಕೊಂಡುಬಿಟ್ಟಿದ್ದೆ. ನಾನು ನಿನ್ನನ್ನ ಒಂದು ದಿನ ಆದ್ರೂ ಬೈದಿದ್ದೀನಾ? ಹೇಳು.’

‘ಇಲ್ಲ. ಕ್ಷಮಿಸ್ದೆ.’

ಅಣ್ಣ ಪರದೆಯ ಕಡೆಗೆ ಕೈ ತೋರಿಸಿದ. ಅವನ ದನಿಯಲ್ಲಿ ಹಳೆಯ ಸಲಿಗೆ ಮೆಲ್ಲಗೆ ಮರಳಿ ಬರುತ್ತಿತ್ತು. ‘ಈಗ ಇದನ್ನ ಟ್ಯಾಂಕಿನ ಮೇಲಿಟ್ಟುಬಿಡು. ನೀವೇ ಹೇಳ್ತೀರಲ್ಲ, ಇದರಲ್ಲಿ ಏನು ಬೇಕಾದ್ರೂ ತಿದ್ದಬಹುದು ಅಂತ. ಮರಿ ದಿನಾ ಕಿಟಕಿ ಸರಿಸ್ತಾಳೆ, ಬೋರ್ಡು ಬದಲಾಯಿಸ್ತಾಳೆ. ಇದೊಂದು ಸರಿಸಿದ್ರೆ ಆಕಾಶ ಕಳಚಿ ಬೀಳುತ್ತಾ? ಆ ಬೀದಿಯ ಹಳಬರೆಲ್ಲ ಭಾನುವಾರ ಬರ್ತಾರೆ ಕಣೋ. ನಮ್ಮನೆ ಬಾಲ್ಕನಿ ಮೇಲೆ ಇದನ್ನ ನೋಡಿದ್ರೆ ಒಬ್ಬನಾದ್ರೂ ಕೇಳದೇ ಇರ್ತಾನಾ?’

‘ಕಿಟಕಿ ತಪ್ಪಿದ್ರೆ ಸರಿಸ್ತೀವಿ. ಇದು ತಪ್ಪಿಲ್ಲ.’

‘ಅಮ್ಮನಿಗೆ ಗೊತ್ತಿತ್ತು.’

ಮೇಷ್ಟ್ರು ತಲೆಯೆತ್ತಿದರು.

‘ನಾನು ಬೋರಲು ಮಲಗಿದ್ದಾಗ ಅವಳೇ ಕುಡಿಯೋಕೆ ನೀರು ತಂದುಕೊಟ್ಟು, ‘ಬಿದ್ದೀಯೋ’ ಅಂದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನ ಹೇಳ್ತೀನಿ ಅಂದೆ. ಬೇಡ ಅಂದಳು. ಅವನು ಹೇಗೂ ನನ್ನ ಹತ್ರ ಇರ್ತಾನೆ, ನಿನ್ನ ಸಂಸಾರ ಕೆಡಿಸ್ಕೋಬೇಡ ಅಂದಳು. ಅವಳ ಮಾತು ಮೀರಬಾರದು ಅಂತ ಸುಮ್ಮನಿದ್ದೆ.’

ಹೊರಗೆ ಗೋದಾಮಿನ ಅಂಗಳದಲ್ಲಿ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಮೇಷ್ಟ್ರು ಅದರ ಸದ್ದು ನಿಲ್ಲುವವರೆಗೆ ಕಾದರು, ಅದು ನಿಲ್ಲದೆ ಏನನ್ನೂ ಯೋಚಿಸಲಾಗದು ಎಂಬಂತೆ. ಒಂಬತ್ತು ವರ್ಷ. ಬೆಳಿಗ್ಗೆ ಮುಖ ಒರೆಸುವಾಗ ಅಮ್ಮ ಅವರ ಮಣಿಕಟ್ಟು ಹಿಡಿದು ‘ನಿನ್ನ ತಪ್ಪೇನಿಲ್ಲ ಕಣೋ’ ಎನ್ನುತ್ತಿದ್ದಳು. ಅದನ್ನು ಅವರು ಅವಳ ದೊಡ್ಡ ಗುಣವೆಂದು ತಿಳಿದಿದ್ದರು. ಆ ಗುಣಕ್ಕೆ ಋಣಿಯಾಗಿ ಇನ್ನಷ್ಟು ಮೆತ್ತಗೆ ಒರೆಸುತ್ತಿದ್ದರು. ಅವಳು ಬರಿಯ ನಿಜವನ್ನು ಹೇಳುತ್ತಿದ್ದಳೇ, ಅರ್ಧ ಹೇಳಿ ಅರ್ಧ ನುಂಗುತ್ತಿದ್ದಳೇ? ಅಥವಾ ಅಣ್ಣ ಈಗ, ಈ ಕುರ್ಚಿಯ ಮೇಲೆ ಕೂತು, ಸತ್ತವಳನ್ನು ಸಾಕ್ಷಿಗೆ ಕರೆದು, ಇನ್ನೊಂದು ಟ್ಯಾಂಕು ಹತ್ತುತ್ತಿದ್ದಾನೆಯೇ? ಗೋಡೆಗಳನ್ನು ಅಳೆಯಬಹುದಿತ್ತು. ಆ ಮಾತನ್ನು ಅಳೆಯಲು ಯಾವ ಫೋಟೋವೂ ಇರಲಿಲ್ಲ.

ಯಾರೂ ಕರೆಯದೆಯೇ ಮರಿ ಒಳಗೆ ಬಂದಿದ್ದಳು. ಅಣ್ಣ ಅವಳತ್ತ ತಿರುಗಿದ.

‘ನೀನಾದ್ರೂ ಹೇಳಮ್ಮ ನಿನ್ನ ಚಿಕ್ಕಪ್ಪನಿಗೆ.’

ಅವಳು ಇಬ್ಬರನ್ನೂ ನೋಡಿದಳು. ‘ನಾನಾಗಿ ಸರಿಸಲ್ಲ ಅಪ್ಪ. ಚಿಕ್ಕಪ್ಪ ಸರಿಸು ಅಂದ್ರೆ ಸರಿಸ್ತೀನಿ.’

ಆಮೇಲೆ ಇಬ್ಬರೂ ಮೇಷ್ಟ್ರ ಮುಖ ನೋಡುತ್ತ ಸುಮ್ಮನಾದರು. ಆ ಮೌನ ಅವರಿಗೆ ಚಿರಪರಿಚಿತವಾಗಿತ್ತು. ಮನೆಯ ಪ್ರತಿಯೊಂದು ಕಷ್ಟದ ಗಳಿಗೆಯಲ್ಲಿಯೂ ಎಲ್ಲರೂ ಹೀಗೆಯೇ ಒಂದು ಕ್ಷಣ ಅವರನ್ನು ನೋಡಿ ಕಾಯುತ್ತಿದ್ದರು. ಅವರು ತಲೆಯಾಡಿಸಿದೊಡನೆ ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಇಂದೂ ಅವರು ತಲೆಯಾಡಿಸುವರೆಂಬುದರಲ್ಲಿ ಆ ಇಬ್ಬರಿಗೂ ಸಂಶಯವಿರಲಿಲ್ಲ. ಅಣ್ಣ ಆಗಲೇ ಕನ್ನಡಕವನ್ನು ಮೂಗಿಗೇರಿಸಿಕೊಂಡಿದ್ದ.

ಮೇಷ್ಟ್ರಿಗೆ ಅತಿ ಹೆಚ್ಚು ನೋವಾದದ್ದು ಸ್ಕ್ರೂಗಳಿಂದಲ್ಲ, ಹೊಳೆಯಿಂದಲ್ಲ, ಅಮ್ಮನಿಂದಲೂ ಅಲ್ಲವೇನೋ. ಆ ನಿಶ್ಚಿಂತೆಯಿಂದ.

ಅವರು ಕುರ್ಚಿಯನ್ನು ಮೇಜಿಗೆ ಎಳೆದುಕೊಂಡರು. ಫೋಟೋಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದರು. ಎಲ್ಲದರ ಮುಂದೆಯೂ ಗುರುತಿತ್ತು. ಅವಸರವಿಲ್ಲದೆ ‘ಪರಿಶೀಲಿಸಿದೆ’ ಎಂಬ ಚೌಕವನ್ನು ಒತ್ತಿದರು. ಅದರ ಕೆಳಗೆ ತಮ್ಮ ಹೆಸರು ಮೂಡುವುದನ್ನು ಕಂಡರು. ಆಮೇಲೆ ‘ಕಳಿಸು’ ಎಂಬುದನ್ನು ಒತ್ತಿದರು. ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿಯೊಂದು ಮೆಲ್ಲಗೆ ತುಂಬಿ, ಪುರಸಭೆಗೆ ಮುಟ್ಟಿತೆಂದು ಹೇಳಿ ಅಳಿಸಿಹೋಯಿತು.

‘ಏನು ಮಾಡ್ದೆ?’ ಎಂದ ಅಣ್ಣ.

‘ಇದ್ದ ಹಾಗೇ ಕಳಿಸ್ದೆ.’

‘ಪುಟ್ಟ...’

‘ನಲವತ್ತೊಂದು ವರ್ಷ ಕ್ಷಮಿಸಿದ್ದೀಯಲ್ಲ ಅಣ್ಣ, ಅದನ್ನ ವಾಪಸ್ ತಗೊಂಡು ಹೋಗು. ನನ್ನ ಹತ್ರ ಇಡೋಕೆ ಜಾಗ ಇಲ್ಲ.’

ಅಣ್ಣನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಮೇಜಿನ ಅಂಚು ಹಿಡಿದು ಎದ್ದ. ತಪ್ಪಾಯಿತು ಎಂಬ ಮಾತಿಗಾಗಿ ತಾನು ಇನ್ನೂ ಕಾಯುತ್ತಿದ್ದೇನೆಂದು ಮೇಷ್ಟ್ರಿಗೆ ಆಗ ತಿಳಿಯಿತು. ಒಂದು ಮಾತು, ಹಾಳಾಗಿ ಹೋಗಲಿ, ಅರ್ಧ ಮಾತು. ಅಣ್ಣ ಬಾಗಿಲವರೆಗೆ ನಡೆದು, ಹಿಡಿಯ ಮೇಲೆ ಕೈಯಿಟ್ಟು ತಿರುಗಿದ. ಅವನ ಕಣ್ಣು ತುಂಬಿತ್ತು. ತನಗೆ ಅನ್ಯಾಯವಾಯಿತೆಂದು ಮನಸಾರೆ ನಂಬಿದವನ ಕಣ್ಣೀರು ಅದು.

‘ಬೇರೆ ಯಾರು ಮಾಡಿದ್ರೂ ಅನ್ನಿಸ್ತಿರ್ಲಿಲ್ಲ,’ ಎಂದ. ‘ನನ್ನ ಸ್ವಂತ ತಮ್ಮ ಬೆನ್ನಿಗೆ ಚೂರಿ ಹಾಕ್ತಾನೆ ಅಂದ್ಕೊಂಡಿರ್ಲಿಲ್ಲ ಕಣೋ.’

ಹೊರಗೆ ಹೋದ. ಒಂದು ಮೆಟ್ಟಿಲು ಇಳಿದ ಸದ್ದು, ಆಮೇಲೆ ತಡವರಿಕೆ, ಗೋಡೆಗೆ ಅಂಗೈ ತಾಗಿದ ಸದ್ದು.

ಮರಿ ಚಿಕ್ಕಪ್ಪನ ಕುರ್ಚಿಯ ಹಿಂದೆ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ತಿರುಗಿ ನೋಡಲಿಲ್ಲ, ಆದರೆ ಕಾದರು.

‘ಮೆಟ್ಟಿಲು ಕಡಿದು ಚಿಕ್ಕಪ್ಪ,’ ಎಂದಳು ಕೊನೆಗೆ. ‘ಅಪ್ಪ ಒಬ್ರೇ ಇಳೀತಿದ್ದಾರೆ.’

ಚೀಲ ಎತ್ತಿಕೊಂಡು ಓಡಿದಳು. ಅವಳ ಹಿಂದೆ ಬಾಗಿಲು ತನ್ನಷ್ಟಕ್ಕೆ ತಾನೇ ಬಂದು ಮುಚ್ಚಿಕೊಂಡಿತು.